ತಾತನ ವಾಚಿನ ಹಳದಿ ಮುಖ

ಇವತ್ತು ಕೇಳೋಕೆ ಶುರು ಮಾಡೋ ಮುಂಚೆ ಒಂದು ಕೆಲಸ: ಮನೆಯ ಬೀರು ತೆಗೆದು ನೋಡಿ. ತಾತನ ಹಳೇ ಎಚ್‌ಎಂಟಿ ಸಿಕ್ಕಿ, ಅದರ ಡಯಲ್ ಹಳದಿ ತಿರುಗಿದ್ದರೆ, 'ಹೊಸದು ಮಾಡಿಸೋಣ' ಅಂತ ಅಂಗಡಿಗೆ ಓಡಬೇಡಿ. ಯಾಕೆ ಅಂತ ಹೇಳ್ತೀನಿ.

1961ರಲ್ಲಿ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಜತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಹಾಕಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದ್ದು ಪ್ರಧಾನಿ ನೆಹರು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಕೊಹಿನೂರ್ ಹೆಸರುಗಳು ಮನೆಮಾತಾದವು. ಬ್ಯಾಟರಿ ಇಲ್ಲ, ದಿನಾ ಕೀ ಕೊಡಬೇಕು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯ ದಿನ ಮೇಷ್ಟ್ರಿಗೆ ಇದೇ ಉಡುಗೊರೆ. ಆಮೇಲೆ ಅಗ್ಗದ ಕ್ವಾರ್ಟ್ಜ್ ವಾಚುಗಳು ಬಂದವು. 2016ರಲ್ಲಿ ಎಚ್‌ಎಂಟಿಯ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಅಂದ್ರೆ, ಹಳೆಯ ಡಯಲ್ ಇನ್ನು ಕಾರ್ಖಾನೆಯಿಂದ ಬರೋದಿಲ್ಲ. ಇರೋದಷ್ಟೇ.

ಡಯಲ್ ಬಣ್ಣ ಬದಲಿಸೋದು ಹೇಗೆ? ಮೇಲಿನ ಲ್ಯಾಕರ್ ಪದರ ಬಿಸಿಲು, ತೇವ, ಬೆವರಿಗೆ ಹಳದಿಯಾಗುತ್ತೆ. ಕೆಲವು ಕಪ್ಪು ಡಯಲ್‌ಗಳು ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತವೆ. ಜಗತ್ತಿನ ಸಂಗ್ರಾಹಕರು ಇವನ್ನು 'ಟ್ರಾಪಿಕಲ್ ಡಯಲ್' ಅಂತಾರೆ. ತಯಾರಿಸಿದವರ ಲೆಕ್ಕದಲ್ಲಿ ಅದು ದೋಷ. ಸಂಗ್ರಾಹಕರ ಲೆಕ್ಕ ಬೇರೆ. ಒಂದೇ ದಿನ ಕಾರ್ಖಾನೆಯಿಂದ ಬಂದ ಎರಡು ವಾಚುಗಳಲ್ಲಿ ಒಂದು ಗದ್ದೆಯ ಬಿಸಿಲು ಕಂಡಿರುತ್ತೆ, ಇನ್ನೊಂದು ಕಚೇರಿಯ ಫ್ಯಾನಿನ ಕೆಳಗೆ ಕೂತಿರುತ್ತೆ. ಐವತ್ತು ವರ್ಷ ಕಳೆದ ಮೇಲೆ ಎರಡರ ಮುಖವೂ ಒಂದೇ ಅಲ್ಲ. ಆ ವ್ಯತ್ಯಾಸಕ್ಕೇ ಅವರು ದುಡ್ಡು ಕೊಡೋದು.

ಇಲ್ಲೇ ಮೋಸಕ್ಕೂ ದಾರಿ. ಆನ್‌ಲೈನ್‌ನಲ್ಲಿ ಕಣ್ಣು ಕುಕ್ಕುವ ಕೆಂಪು, ಹಸಿರು ಬಣ್ಣದ 'ಹಳೇ' ಎಚ್‌ಎಂಟಿಗಳು ಸಿಗುತ್ತವೆ. ಎಷ್ಟೋ ವಾಚುಗಳ ಡಯಲ್‌ಗೆ ಮತ್ತೆ ಬಣ್ಣ ಹೊಡೆದಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿ: ಅಕ್ಷರದ ಅಂಚು ಕಲಸಿಹೋಗಿದೆಯಾ? ಗಂಟೆಯ ಗೆರೆಗಳು ಸೊಟ್ಟಗಿವೆಯಾ? ಮುಳ್ಳುಗಳು ಸವೆದು, ಡಯಲ್ ಮಾತ್ರ ಮಿರಮಿರ ಮಿಂಚುತ್ತಿದೆಯಾ? ಹಾಗಿದ್ದರೆ ಅನುಮಾನಪಡಿ.

ಹಾಗಂತ ಎಲ್ಲ ಕಲೆಯೂ ಚೆಂದವಲ್ಲ. ತುಕ್ಕು ಒಳಗಿನ ಯಂತ್ರಕ್ಕೆ ಇಳಿದರೆ ವಾಚೇ ಹೋಯ್ತು. ಅದಕ್ಕೇ ಅಂಗಡಿಯವರಿಗೆ ಇಷ್ಟು ಹೇಳಿ: 'ಒಳಗಡೆ ಕ್ಲೀನ್ ಮಾಡಿ, ಎಣ್ಣೆ ಹಾಕಿ. ಡಯಲ್ ಮುಟ್ಟಬೇಡಿ.'

ಬಣ್ಣ ಹೊಡೆಸಿದರೆ ಸಿಗೋದು ಹೊಸ ಮುಖ. ಹೋಗೋದು ತಾತ ಕಟ್ಟಿಕೊಂಡು ಓಡಾಡಿದ ಅಷ್ಟೂ ವರ್ಷ. ಇವತ್ತೊಂದು ಸಲ ಕೀ ಕೊಟ್ಟು, ಕಿವಿಗೆ ಹಿಡಿದು ನೋಡಿ. ಮತ್ತೆ ಸಿಗೋಣ.