ಗುರಾಣಿಕ ಗ್ರಂಥಿಯ ವಿಕಾರಗಳು

ಕೊರಳಿನ ಮುಂಭಾಗದಲ್ಲಿ ಶ್ವಾಸನಾಳವನ್ನು ಇಕ್ಕೆಲಗಳಿಂದಲೂ ತಬ್ಬಿಕೊಂಡು ಚಿಟ್ಟೆಯ ಆಕಾರದಲ್ಲಿ ನೆಲೆಸಿರುವ, ಪ್ರಾಪ್ತವಯಸ್ಕರಲ್ಲಿ ಸುಮಾರು 15ರಿಂದ 25 ಗ್ರಾಂ ತೂಗುವ ನಿರ್ನಾಳಗ್ರಂಥಿಯೊಂದು ತನ್ನ ಸ್ರಾವವನ್ನು ಅತಿಯಾಗಿ ಸುರಿಸುವುದರಿಂದಲೋ, ಸಾಲದಷ್ಟು ಸುರಿಸುವುದರಿಂದಲೋ, ಇಲ್ಲವೆ ತಾನೇ ಬಾತುಕೊಳ್ಳುವುದರಿಂದಲೋ ತಲೆದೋರುವ ರೋಗಗಳ ಸಮುದಾಯ. ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ 1656ರಲ್ಲಿ ಗ್ರೀಕರ ಗುರಾಣಿಯನ್ನು ನೆನೆದು ಇದಕ್ಕೆ ಥೈರಾಯ್ಡ್ ಎಂದು ಹೆಸರಿಟ್ಟನು. ಕನ್ನಡದ ಗುರಾಣಿಕವೆಂಬುದು ಆ ಹೆಸರಿನ ಛಾಯೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ, ಚಿಮ್ಮಡದಂಥ ಊರುಗಳಲ್ಲಿ, ‘ಆಕೀಗೆ ಥೈರಾಯ್ಡ್ ಆಗೇದ’ ಎಂಬ ಮಾತು ಈಗ ಯಾವ ಕಟ್ಟೆಯ ಮೇಲಾದರೂ ಕೇಳಬರುವಂಥದು. ಗ್ರಂಥಿ ಎಲ್ಲರ ಕೊರಳಲ್ಲಿಯೂ ಇರುವುದಷ್ಟೆ. ಆದರೂ ಅದರ ಹೆಸರೇ ರೋಗದ ಹೆಸರಾಗಿ, ಒಂದಕ್ಕೊಂದು ತದ್ವಿರುದ್ಧವಾದ ಎರಡು ವ್ಯಾಧಿಗಳು ಒಂದೇ ಶಬ್ದದ ಮರೆಯಲ್ಲಿ ನಿಂತುಬಿಟ್ಟಿವೆ. ಒಬ್ಬಾಕೆಯ ಗುಳಿಗೆ ನೆರೆಮನೆಯಾಕೆಗೆ ವಿಷವಾಗಬಹುದಾದ ಸಂದರ್ಭದಲ್ಲಿ ಈ ಗೊಂದಲ ಬರಿಯ ಶಬ್ದದ್ದಲ್ಲ.

ಪ್ರಾಚೀನರಿಗೆ ಕಂಡದ್ದು ಬಾವು ಮಾತ್ರ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕೊರಳಿನಿಂದ ಜೋಲುವ ಊತವನ್ನು ಗಲಗಂಡವೆಂದು ಕರೆದು, ವಾತ, ಕಫ, ಮೇದಸ್ಸುಗಳಿಂದ ಹುಟ್ಟುವ ಮೂರು ಬಗೆಗಳನ್ನು ಹೇಳಿದೆ. ನಮ್ಮ ಗಳಗಂಡವೆಂಬ ರೂಪ ಇದರಿಂದಲೇ ಬಂದುದು. ಪಿತ್ತದಿಂದ ಹುಟ್ಟುವ ಗಲಗಂಡದ ಪ್ರಸ್ತಾಪ ಅಲ್ಲಿಲ್ಲ. ಮೈಯುರಿ, ಬೆವರು, ಕೃಶತೆಗಳಿಂದ ಕೂಡಿದ ಅತಿಸ್ರಾವದ ರೋಗವನ್ನು ಅಂದಿನವರು ಕೊರಳಿನ ಬಾವಿನೊಡನೆ ಜೋಡಿಸಿ ನೋಡಿರಲಿಲ್ಲವೆಂದು ಇದರಿಂದ ಊಹಿಸಲು ಅವಕಾಶವುಂಟು. ಇಂಥ ಬಾವಿಗೆಂದು ಮಂದಾರಜಾತಿಯ ಕಾಂಚನಾರದ ತೊಗಟೆಯನ್ನು ಸೇರಿಸಿ ಕಟ್ಟುವ ಕಾಂಚನಾರ ಗುಗ್ಗುಲು ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ದೊರೆಯುತ್ತದೆ.

ಅತಿಸ್ರಾವದ ಚಿತ್ರವನ್ನು ಮೊದಲು ಸಮಗ್ರವಾಗಿ ಕಂಡವನು ಇಂಗ್ಲೆಂಡಿನ ಬಾತ್ ನಗರದ ಕೇಲಬ್ ಪ್ಯಾರಿ. ಅವನು 1786ರಲ್ಲಿ ಗಮನಿಸಿದ ರೋಗಿಯ ವಿವರ ಅವನು ತೀರಿಕೊಂಡ ಮೇಲೆ, 1825ರಲ್ಲಿ, ಅಚ್ಚಾಯಿತು. ಅಷ್ಟರಿಂದಲೋ ಏನೋ, ಕೀರ್ತಿ ಅವನಿಗೆ ಸಲ್ಲದೆ 1835ರಲ್ಲಿ ಬರೆದ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್‌ಗೂ 1840ರಲ್ಲಿ ಬರೆದ ಜರ್ಮನಿಯ ಕಾರ್ಲ್ ಫಾನ್ ಬಾಸೆಡೋವ್‌ಗೂ ಹಂಚಿಹೋಯಿತು. ರೋಗಿ ಹೊಟ್ಟೆತುಂಬ ಉಂಡರೂ ದಿನೇ ದಿನೇ ಸೊರಗುವನು. ಮಾಗಿಯ ಚಳಿಯಲ್ಲಿಯೂ ಹೊದಿಕೆಯನ್ನು ಒದೆಯುವನು. ಎದೆ ಡವಡವನೆ ಬಡಿದುಕೊಳ್ಳುವುದು. ಕೆಲವರಲ್ಲಿ ಕಣ್ಣುಗುಡ್ಡೆಗಳು ಮುಂದಕ್ಕೆ ಚಾಚಿ, ಸದಾ ಬೆಚ್ಚಿದಂಥ ನೋಟ ಮುಖದಲ್ಲಿ ನೆಲೆಯಾಗುವುದು. ಪರೀಕ್ಷಿಸುವ ವೈದ್ಯನು ಒಂದು ಗುಟುಕು ನೀರು ಕೊಟ್ಟು ನುಂಗಲು ಹೇಳಿದರೆ, ಕೊರಳಿನ ಗಂಟು ಈ ಗ್ರಂಥಿಯದೇ ಆಗಿದ್ದ ಪಕ್ಷದಲ್ಲಿ, ನುಂಗಿದೊಡನೆ ಮೇಲೇರಿ ಮತ್ತೆ ಇಳಿಯುತ್ತದೆ. ಬಳಿಕ ಎರಡೂ ಕೈಗಳನ್ನು ಮುಂಚಾಚಿಸಿ, ಬೆರಳುಗಳ ಬೆನ್ನ ಮೇಲೆ ಒಂದು ಹಾಳೆಯನ್ನು ಹಾಸಿದರೆ, ಬರಿಗಣ್ಣಿಗೆ ಕಾಣದ ನಡುಕವನ್ನು ಹಾಳೆಯ ಅಂಚು ಥರಥರನೆ ತೋರಿಸಿಕೊಡುತ್ತದೆ. ಮಗ್ಗದ ಸೀಮೆಯಾದ ರಬಕವಿ-ಬನಹಟ್ಟಿಯಲ್ಲಿ, ಕಡಿದ ಎಳೆಯನ್ನು ಹುಡುಕಿ ಹೊಸೆದು ಕೂಡಿಸುವ ಬೆರಳುಗಳಿಗೆ ಈ ನಡುಕ ಎಂಥ ವಿಘ್ನವೆಂಬುದನ್ನು ಹೇಳಬೇಕಾಗಿಲ್ಲ.

ಸ್ರಾವ ಬತ್ತಿದವರ ಸ್ಥಿತಿ ಇದರ ವಿಪರ್ಯಯ: ಮೈ ಭಾರ, ಚಳಿ, ಒಣಚರ್ಮ, ಮಲಬದ್ಧತೆ, ಮಂದವಾದ ಮಾತು. ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ಇದನ್ನು ವಿವರಿಸಿದನು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡೋರ್ ಕೋಖರ್ ಗಳಗಂಡವನ್ನು ಬೇರುಸಹಿತ ಕತ್ತರಿಸಿ ತೆಗೆಯುವುದರಲ್ಲಿ ನಿಷ್ಣಾತನಾಗಿದ್ದು, ಹಾಗೆ ಗುಣಪಡಿಸಿ ಕಳುಹಿಸಿದವರು ಕಾಲಾನಂತರದಲ್ಲಿ ಜಡರಾಗಿ ಊದಿಕೊಂಡುದನ್ನು ಕಂಡು, 1883ರಲ್ಲಿ ತನ್ನ ಕೈಯಿಂದಾದ ಅನರ್ಥವನ್ನು ತಾನೇ ಪ್ರಕಟಿಸಿದನು. 1909ರಲ್ಲಿ ಅವನಿಗೆ ಬಂದ ನೊಬೆಲ್ ಬಹುಮಾನಕ್ಕಿಂತ ಆ ಪ್ರಾಮಾಣಿಕತೆ ದೊಡ್ಡದೆಂದು ಈ ಲೇಖಕನ ಭಾವನೆ. 1891ರಲ್ಲಿ ಜಾರ್ಜ್ ಮರ್ರೆ ಕುರಿಯ ಗುರಾಣಿಕದ ಸಾರವನ್ನು ಚುಚ್ಚಿ ಒಬ್ಬ ಮಹಿಳೆ ಚೇತರಿಸಿಕೊಳ್ಳುವಂತೆ ಮಾಡಿದನು. ಆಕೆ ಆಮೇಲೆ ಇಪ್ಪತ್ತೆಂಟು ವರ್ಷಗಳಷ್ಟು ಕಾಲ ಬದುಕಿದ್ದಳು. ಅಮೆರಿಕದ ಎಡ್ವರ್ಡ್ ಕೆಂಡಲ್ 1914ರ ಕ್ರಿಸ್‌ಮಸ್ ದಿನ ಬೇರ್ಪಡಿಸಿದ ಥೈರಾಕ್ಸಿನನ್ನು ಇಂದು ಗುಳಿಗೆಯ ರೂಪದಲ್ಲಿ ಬೆಳಗಿನ ಬರಿಹೊಟ್ಟೆಯಲ್ಲಿ ಸೇವಿಸುತ್ತಾರೆ. ಅತಿಸ್ರಾವಕ್ಕೆ ಔಷಧ ತಡವಾಗಿ ಬಂದಿತು: 1941ರಲ್ಲಿ ಬಾಸ್ಟನ್ನಿನ ಸಾಲ್ ಹರ್ಟ್ಸ್ ವಿಕಿರಣಶೀಲ ಅಯೋಡಿನ್ನನ್ನೂ, 1943ರಲ್ಲಿ ಆಸ್ಟ್‌ವುಡ್ ಸ್ರಾವವನ್ನು ತಡೆಯುವ ಥಯೋಯುರಾಸಿಲ್‌ನ್ನೂ ಪ್ರಯೋಗಕ್ಕೆ ತಂದರು.

ಈ ಎಲ್ಲದರ ಹಿಂದೆ ಒಂದು ಮೂಲವಸ್ತುವುಂಟು. ಥೈರಾಕ್ಸಿನ್ನಿನ ಒಂದೊಂದು ಅಣುವಿನಲ್ಲಿಯೂ ನಾಲ್ಕು ಅಯೋಡಿನ್ ಪರಮಾಣುಗಳಿದ್ದು, ಪ್ರಾಪ್ತವಯಸ್ಕನಿಗೆ ದಿನಕ್ಕೆ ಬೇಕಾದ ಅಯೋಡಿನ್ ಕೇವಲ 150 ಮೈಕ್ರೋಗ್ರಾಂ. ಅಷ್ಟೂ ಸಿಕ್ಕದಾಗ ಗ್ರಂಥಿ ದುಡಿದು ದುಡಿದು ಹಿಗ್ಗುತ್ತದೆ. 1811ರಲ್ಲಿ ಕೂರ್ತ್ವಾ ಎಂಬವನು ಕಡಲಪಾಚಿಯ ಬೂದಿಯಲ್ಲಿ ಅಯೋಡಿನ್ನನ್ನು ಕಂಡ ಕೆಲವೇ ವರ್ಷಗಳಲ್ಲಿ, 1820ರಲ್ಲಿ, ಜಿನೀವಾದ ಕ್ವಾಂಡೆ ಅದನ್ನು ಗಳಗಂಡಕ್ಕೆ ಕೊಟ್ಟನು; ಬಾವು ಇಳಿಯಿತು, ಆದರೆ ಕೆಲವರಲ್ಲಿ ಎದೆಬಡಿತವೂ ಕೃಶತೆಯೂ ಹೊಸದಾಗಿ ಕಾಣಿಸಿಕೊಂಡುವು. ನೂರೈವತ್ತು ವರ್ಷಗಳ ಸನಿಹದಲ್ಲಿ, 1966ರಲ್ಲಿ ಟಾಸ್ಮೇನಿಯಾದವರು ರೊಟ್ಟಿಗೆ ಅಯೋಡಿನ್ ಬೆರೆಸಿದಾಗಲೂ ಅತಿಸ್ರಾವದ ರೋಗಿಗಳು ಹೆಚ್ಚಿದರು. ಬಹುಕಾಲ ಹಸಿದಿದ್ದ ಗಂಟುಗ್ರಂಥಿ ಅನ್ನ ಕಂಡೊಡನೆ ಅಂಕೆ ಮೀರುತ್ತದೆ.

ಭಾರತದಲ್ಲಿ ಗಿಲ್ಗಿಟ್ಟಿನ ಹಳ್ಳಿಗಳಲ್ಲಿ ಗಳಗಂಡವನ್ನು ಅಭ್ಯಾಸಮಾಡಿದ ರಾಬರ್ಟ್ ಮೆಕ್‌ಕ್ಯಾರಿಸನ್ ಮುಂದೆ ನೀಲಗಿರಿಯ ಕೂನೂರಿನಲ್ಲಿ ಪೋಷಣಸಂಶೋಧನೆಯನ್ನು ಬೆಳೆಸಿದನು. 1956ರಿಂದ ವಿ. ರಾಮಲಿಂಗಸ್ವಾಮಿಯವರು ಸಹೋದ್ಯೋಗಿಗಳೊಡನೆ ಕಾಂಗ್ರಾ ಕಣಿವೆಯಲ್ಲಿ ನಡೆಸಿದ ಪ್ರಯೋಗ, ಅಯೋಡಿನ್ ಬೆರೆಸಿದ ಉಪ್ಪಿನಿಂದ ಬಾವು ಕುಗ್ಗುವುದನ್ನು ಸಿದ್ಧಮಾಡಿ ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 2006ರ ಮೇ ತಿಂಗಳಿಂದ, ತಿನ್ನುವ ಉಪ್ಪನ್ನು ಅಯೋಡಿನ್ ಇಲ್ಲದೆ ಮಾರುವುದು ದೇಶದಾದ್ಯಂತ ನಿಷಿದ್ಧವಾಯಿತು. ಕಡಲಿನ ಉಪ್ಪಾದರೆ ಅಯೋಡಿನ್ ತಾನಾಗಿಯೇ ಇರುವುದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದ್ದರೂ ಅದು ಸರಿಯಲ್ಲ; ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಸಿಲಿಗೆ ಹರಳುಗಟ್ಟುವ ಉಪ್ಪಿನಲ್ಲಿಯೂ ಸ್ವಾಭಾವಿಕವಾಗಿ ಉಳಿಯುವುದು ಅತ್ಯಲ್ಪ. ಬೆರೆಸಿದ ಅಯೋಡಿನ್ ಕೂಡ ಒಲೆಯ ಬದಿಯಲ್ಲಿ ಬಾಯ್ತೆರೆದಿಟ್ಟ ಪಾತ್ರೆಯಲ್ಲಿ ಹಸಿಯಾಗುತ್ತ ಕ್ಷೀಣಿಸುತ್ತದೆ. ಸಂಕ್ರಾಂತಿಯ ದಿನಗಳಲ್ಲಿ ಎಳ್ಳು ಹಚ್ಚಿ ತಟ್ಟುವ ಸಜ್ಜೆಯ ರೊಟ್ಟಿಯ ಮೇಲೂ ಒಂದು ಆಪಾದನೆಯುಂಟು: ಸಜ್ಜೆಯೇ ಮುಖ್ಯಾಹಾರವಾದ ಸೂಡಾನಿನ ದಾರ್‌ಫುರ್ ಪ್ರಾಂತದಲ್ಲಿ ಆ ಧಾನ್ಯದೊಳಗಿನ ಕೆಲವು ಪದಾರ್ಥಗಳು ಗ್ರಂಥಿಯ ಕೆಲಸವನ್ನು ತಡೆಯುವುದನ್ನು ಸಂಶೋಧಕರು ಕಂಡಿದ್ದಾರೆ. ಜೋಳವನ್ನೇ ನೆಚ್ಚಿ, ಚಳಿಗಾಲಕ್ಕೆಂದು ನಾಲ್ಕು ದಿನ ಸಜ್ಜೆ ಉಣ್ಣುವ ಚಿಮ್ಮಡದವರು ಅದಕ್ಕಾಗಿ ರೊಟ್ಟಿ ಬಿಡಬೇಕಾದ ಕಾರಣವಿಲ್ಲ.

ಇಂದಿನ ರೋಗನಿರ್ಣಯ ರಕ್ತಪರೀಕ್ಷೆಯದು. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಗುರಾಣಿಕಕ್ಕೆ ಕಳುಹಿಸುವ ಟಿ.ಎಸ್.ಎಚ್. ಎಂಬ ಚೋದಕವನ್ನು ಅಳೆಯುತ್ತಾರೆ. ಗುರಾಣಿಕ ಸೋಮಾರಿಯಾದಷ್ಟೂ ಮೇಲಿನ ಗ್ರಂಥಿ ಗದರಿಸುವುದರಿಂದ, ಸಾಮಾನ್ಯವಾಗಿ ವರದಿಯ ಕಾಗದದಲ್ಲಿ ಈ ಅಂಕೆ ಏರಿದ್ದರೆ ಸ್ರಾವ ಕಡಿಮೆಯೆಂದೂ, ಇಳಿದಿದ್ದರೆ ಹೆಚ್ಚೆಂದೂ ತಿಳಿಯತಕ್ಕದ್ದು. ಕಾಗದವನ್ನು ಮಡಿಚಿಕೊಂಡು ಊರಿಗೆ ಮರಳಿದಾಕೆ ‘ಥೈರಾಯ್ಡ್ ಹೆಚ್ಚಾಗೇದಂತ’ ಎಂದು ಮನೆಯವರಿಗೆ ಹೇಳುವಾಗ, ಅನೇಕ ವೇಳೆ ಆಕೆಯ ಗ್ರಂಥಿಯಲ್ಲಿ ನಡೆದಿರುವುದು ಅದರ ವಿರುದ್ಧವೇ ಆಗಿರುತ್ತದೆ.