ಗಬ್ಬೂರಿನ ಹಳೇ ಗುಡಿಗಳು: ‘ಚಾಲುಕ್ಯ ಶೈಲಿ’ ಅಂದ್ರೆ ಬರೀ ಚಾಲುಕ್ಯರದಲ್ಲ

ಗಬ್ಬೂರು: ಮಳೆ ಶಂಕರ, ಈಶ್ವರ, ವೆಂಕಟೇಶ್ವರ, ಬಂಗಾರ ಬಸಪ್ಪ, ಹನುಮಂತ ಹೀಗೆ ದೇವದುರ್ಗ ತಾಲ್ಲೂಕಿನ ಈ ಒಂದೇ ಊರಲ್ಲಿ ಹಳೇ ಗುಡಿಗಳು ಸಾಲು ಸಾಲಾಗಿವೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳೂ ಇವೆ. ಯಾವ ಶೈಲಿ ಅಂತ ಕೇಳಿದರೆ ‘ಚಾಲುಕ್ಯರದು’ ಅನ್ನೋ ಉತ್ತರ ತಟ್ಟನೆ ಬರುತ್ತೆ. ಆದರೆ ಆ ಶೈಲಿಯೇ ಹಲವು ಕಡೆಯಿಂದ ಕೂಡಿ ಬಂದದ್ದು.

ಕಥೆ ಶುರುವಾಗೋದು ಬಾದಾಮಿ ಚಾಲುಕ್ಯರಿಂದ. ಕಂಚಿಯ ಪಲ್ಲವರಿಗೂ ಇವರಿಗೂ ತಲೆಮಾರುಗಳ ಹಗೆ. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ. ಗೆದ್ದವನು ಗುಡಿ ಲೂಟಿ ಮಾಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟು, ಆ ಮಾತನ್ನು ಅಲ್ಲೇ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ತಮಿಳು ನಾಡಿನ ನಡುವೆ ಆ ಕನ್ನಡ ಶಾಸನ ಇವತ್ತಿಗೂ ಇದೆ. ಈ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಕಟ್ಟಿದವನು ಗುಂಡ ಅನಿವಾರಿತಾಚಾರಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ಅದರ ದ್ರಾವಿಡ ಶಿಖರ, ಸುತ್ತಲಿನ ಪ್ರಾಕಾರ ನೋಡಿದರೆ ಕಂಚಿ ನೆನಪಾಗುತ್ತೆ.

ಇನ್ನೊಂದು ದಾರಿ ನಮಗೆ ಇನ್ನೂ ಹತ್ತಿರ. ಕೃಷ್ಣಾ–ತುಂಗಭದ್ರಾ ನಡುವಿನ ಇದೇ ನೆಲದ ಪೂರ್ವ ತುದಿಯಲ್ಲಿ, ಈಗಿನ ತೆಲಂಗಾಣದ ಆಲಂಪುರ. ಅಲ್ಲಿನ ನವಬ್ರಹ್ಮ ಗುಡಿಗಳನ್ನೂ ಕಟ್ಟಿಸಿದ್ದು ಬಾದಾಮಿ ಚಾಲುಕ್ಯರೇ. ಆದರೆ ಬಹುತೇಕ ಶಿಖರಗಳು ಉತ್ತರದ ನಾಗರ ಬಗೆಯವು, ಬಾಗಿ ಮೇಲೇರುವಂಥವು. ಪಟ್ಟದಕಲ್ಲಿನಲ್ಲಂತೂ ಎರಡೂ ಬಗೆ ಒಂದೇ ಬಯಲಲ್ಲಿ ಅಕ್ಕಪಕ್ಕ ನಿಂತಿವೆ.

ಕಲ್ಯಾಣ ಚಾಲುಕ್ಯರ ಹೊತ್ತಿಗೆ ಇವೆರಡೂ ಬೆರೆತವು. ಮರಳುಗಲ್ಲು ಹೋಗಿ ನುಣುಪಾದ ಬಳಪದ ಕಲ್ಲು ಬಂತು, ಕೆತ್ತನೆ ಸಣ್ಣದಾಯಿತು, ಕಂಬಗಳು ಚರಕಿಗೆ ಹಾಕಿ ಕಡೆದಂತೆ ಗುಂಡಗಾದವು. ಕೊಪ್ಪಳ ಜಿಲ್ಲೆ ಇಟಗಿಯ ಮಹಾದೇವ ಗುಡಿ (1112) ಇದಕ್ಕೆ ಒಳ್ಳೇ ಮಾದರಿ. ಇಲ್ಲಿಂದಲೇ ಹೊಯ್ಸಳರೂ ವಾರಂಗಲ್ಲಿನ ಕಾಕತೀಯರೂ ಕಲಿತರು.

ಇದನ್ನೆಲ್ಲ ಓದೋದು ಕಂಬದ ತಿರುವು, ಬಾಗಿಲುವಾಡದ ಪಟ್ಟಿಕೆ, ತಳಪಾಯದ ಮೂಲೆಗಳಲ್ಲಿ. ಜೀರ್ಣೋದ್ಧಾರ ಅಂತ ಆಯಿಲ್ ಪೇಂಟ್ ಬಳಿದರೆ, ತಳಪಾಯಕ್ಕೆ ಟೈಲ್ಸ್ ಹಾಕಿದರೆ ಮೊದಲು ಮುಚ್ಚಿಹೋಗೋದು ಇವೇ. ಶಾಸನದ ಕಲ್ಲಿನ ಮೇಲೆ ಸಿಮೆಂಟ್ ಬಿದ್ದರೆ ಅಕ್ಷರ ಮತ್ತೆ ಸಿಗಲ್ಲ. ಕಮಿಟಿಯವರು ಕೆಲಸಕ್ಕೆ ಕೈ ಹಾಕೋ ಮುಂಚೆ ಪುರಾತತ್ವ ಇಲಾಖೆಯವರನ್ನು ಕರೆಸಿ ತೋರಿಸಲಿ, ಕನಿಷ್ಠ ಎಲ್ಲಾ ಕಡೆಯಿಂದ ಫೋಟೋ ತೆಗೆದಿಡಲಿ.