ನಮ್ಮ ಕಡೆ ಸೌಂಡಿನ ಇತಿಹಾಸ – ಭಾಗ 6: ಮಿಕ್ಸರ್ ಗುಂಯ್ ಅಂದಾಗ
ಮಸ್ಕಿ ಅಂದ್ರ 1915ರಲ್ಲಿ ಸಿಕ್ಕ ಅಶೋಕನ ಶಾಸನ, ಎಲ್ಲರಿಗೂ ಗೊತ್ತು. ಸಿಂಧನೂರು, ಲಿಂಗಸುಗೂರು ಜಾತ್ರಿ ನಾಟಕದ ಮೈಕ್ ಸೆಟ್ಟಿನ ಕಥಿ ಮಾತ್ರ ಯಾರೂ ಬರೆಯಂಗಿಲ್ಲ. 1940ರಲ್ಲಿ ಶುರುವಾದ ಅಹುಜಾ ಕಂಪನಿ ಹೆಸರನ್ನ ಆ ಸೆಟ್ಟುಗಳ ಮ್ಯಾಲ ನೋಡೇ ಇರ್ತೀರಿ.

ಹಳೇ ಅನಲಾಗ್ ಮಿಕ್ಸರ್ ಕರಕರ ಅಂದ್ರ ಫೇಡರ್ ಒಳಗಿನ ಕಾರ್ಬನ್ ಪಟ್ಟಿಗೆ ಧೂಳು, ಕ್ಲೀನರ್ ಸಾಕು. ಗುಂಯ್ ಅಂದ್ರ ಬ್ಯಾರೆ. ನಮ್ಮ ಕರೆಂಟು 50 ಹರ್ಟ್ಜ್, ರೆಕ್ಟಿಫೈಯರ್ ದಾಟಿದ್ರ ಅದರ ಏರಿಳಿತ 100. ಅದನ್ನ ಸಮ ಮಾಡೋ ಕೆಪಾಸಿಟರ್ ವರ್ಷ ಕಳೆದಂಗ ಒಣಗ್ತದ, ಆಗ ಆ ಏರಿಳಿತ ಸೀದಾ ಸ್ಪೀಕರಿಗೆ. ಕೇಬಲ್ ಬದಲಿಸಿ, ಫೇಡರ್ ಎಲ್ಲಾ ಇಳಿಸಿದ್ರೂ ಗುಂಯ್ ನಿಲ್ಲದಿದ್ರ ಪವರ್ ಸಪ್ಲೈ ನೋಡಿಸ್ರಿ.

ಡಿಪ್ರಿಸಿಯೇಷನ್ ಲೆಕ್ಕದಾಗ (ಬಿ.ಕಾಂ ಬುದ್ಧಿ!) ಇವುಗಳ ಬೆಲೆ ಎಂದೋ ಮುಗಿದದ. ಅದಕ್ಕೇ ಕಿಲೋ ಲೆಕ್ಕದಾಗ ಗುಜರಿಗೆ ಹೋಗ್ತಾವ, ಕೆಟ್ಟಿದ್ದು ಒಂದೆರಡು ಕೆಪಾಸಿಟರ್ ಅಷ್ಟೇ ಇದ್ರೂ. ಬಿಚ್ಚೋರು ಹುಷಾರು: ಪ್ಲಗ್ ಕಿತ್ತ ಮ್ಯಾಲೂ ಅದರಾಗ ಚಾರ್ಜ್ ಇರ್ತದ.